ಸೋಲಲೆಂದು ಹೋದ ದಿನ

"ಇವತ್ತು ನೀನು ಸೋಲ್ಬೇಕು," ಎಂದರು ಭಾವ.

ಬಸ್ಸಿನಲ್ಲಿ ನಿಂತಿದ್ದೆವು. ಅವರ ಒಂದು ಕೈ ಮೇಲಿನ ಕಂಬಿಯಲ್ಲಿ, ಇನ್ನೊಂದು ನನ್ನ ಹೆಗಲ ಮೇಲೆ. ಕೈ ಎತ್ತಿದರೆ ನಾನು ಓಡಿಹೋಗುತ್ತೇನೇನೋ ಅನ್ನುವ ಹಾಗೆ ಒತ್ತಿ ಹಿಡಿದಿದ್ದರು.

"ಸುಮ್ನೆ ಸೋಲೋದಲ್ಲ. ಅಯ್ಯೋ ಪಾಪ, ಈ ಹುಡುಗನಿಗೆ ಬರೋದೇ ಇಷ್ಟು ಅನ್ನಿಸ್ಬೇಕು ಅವರಿಗೆ."

"ಗೊತ್ತು ಭಾವ."

"ಗೊತ್ತು ಅಂತೀಯ. ಮುಖ ನೋಡಿದ್ರೆ ಯಾರಿಗೋ ಬಾರಿಸೋಕೆ ಹೊರಟಂಗಿದೆ."

"ನನ್ನ ಮುಖಾನೇ ಹೀಗೆ."

"ಹಾಗಾದ್ರೆ ಮುಖ ಮನೇಲಿ ಬಿಟ್ಟು ಬರ್ಬೇಕಿತ್ತು."

ಪಕ್ಕದ ಸೀಟಿನ ಹೆಂಗಸು ನಕ್ಕಳು. ನನಗೆ ನಗು ಬರಲಿಲ್ಲ. ಆ ವಾರವೆಲ್ಲ ಬಂದಿರಲಿಲ್ಲ.

ನಮ್ಮದು ರಿಪೇರಿ ಅಂಗಡಿ. ಟಿವಿ, ಸ್ಪೀಕರು, ಎಲ್ಲಕ್ಕಿಂತ ಹೆಚ್ಚಾಗಿ ವಿಡಿಯೋ ಗೇಮ್ ಆಡುವ ಮಷೀನುಗಳು. ಲೈಸೆನ್ಸು ಭಾವನ ಹೆಸರಿನಲ್ಲಿದೆ, ಬೆವರು ಇಬ್ಬರದೂ. ಒಂಬತ್ತನೇ ಕ್ಲಾಸಿನ ಮಧ್ಯದಲ್ಲಿ ನಾನು ಶಾಲೆ ಬಿಟ್ಟು ಬಂದಾಗ ಎಲ್ಲರೂ ಬುದ್ಧಿ ಹೇಳಿದರು. ಭಾವ ಒಬ್ಬರೇ ಬುದ್ಧಿ ಹೇಳದೆ ಸ್ಕ್ರೂಡ್ರೈವರ್ ಕೊಟ್ಟರು. ಅವರದು ಒಂದೇ ಕಟ್ಟುಪಾಡು. ರಿಪೇರಿಯಾದ ಮಷೀನನ್ನು ಅದರ ಹೊಟ್ಟೆಯಲ್ಲಿ ಬಂದ ಡಿಸ್ಕಿನಿಂದಲೇ ಓಡಿಸಿ ನೋಡಬೇಕು. ನಮ್ಮ ಡಿಸ್ಕು ಹಾಕಿದರೆ ಸೊಗಸಾಗಿ ಓಡುತ್ತದೆ, ಗಿರಾಕಿಯ ಮನೆಗೆ ಹೋದ ಮೇಲೆ ಅವರ ಡಿಸ್ಕಿಗೆ ಮುನಿಸಿಕೊಂಡು ನಿಲ್ಲುತ್ತದೆ. ಅದೂ ಅರೆಗಳಿಗೆ ಓಡಿಸಿದರೆ ಸಾಲದು, ಚೆನ್ನಾಗಿ ಕಾಯುವವರೆಗೆ ಆಡಬೇಕು. ಟಿವಿಯನ್ನು ಬೀದಿಯ ಕಡೆಗೆ ತಿರುಗಿಸಿಟ್ಟು ಆಡಬೇಕು. ಸತ್ತ ಮಷೀನು ಎದ್ದು ಕೂತಿದ್ದನ್ನು ಜನ ನೋಡಲಿ ಅಂತ.

ಜನ ನೋಡಿದರು. ಅದೇ ತಪ್ಪಾಯಿತು.

ಮಷೀನು ಒಬ್ಬ ಬಸ್ ಡ್ರೈವರಣ್ಣನದು. ಫ್ಯಾನು ಕೆಟ್ಟಿತ್ತು. ಒಳಗಿದ್ದದ್ದು ಯುದ್ಧದ ಆಟ. ಆ ಆಟ ಎರಡು ಥರ ಇದೆ. ನಮ್ಮಲ್ಲಿ ಮಾರುವುದು ಕತ್ತರಿಸಿದ್ದು. ಅದರಲ್ಲಿ ಗುಂಡು ತಿಂದವನು ನೆಲ ಮುಟ್ಟುವ ಮೊದಲೇ ಆವಿಯಾಗಿ ಹೋಗುತ್ತಾನೆ. ಎಷ್ಟು ಜನರನ್ನು ಹೊಡೆದರೂ ಊರು ಗುಡಿಸಿಟ್ಟ ಹಾಗೆ ಚೊಕ್ಕಟ. ಹೊರದೇಶದಿಂದ ತರಿಸಿಕೊಂಡ ಪೂರ್ತಿ ಆಟದಲ್ಲಿ ಹಾಗಲ್ಲ. ಬಿದ್ದವನು ಬಿದ್ದಲ್ಲೇ ಇರುತ್ತಾನೆ. ಹೊಡೆದ ನೀನೇ ಅವನನ್ನು ಹೆಗಲಿಗೆ ಹಾಕಿಕೊಂಡು ಅವನ ಮನೆ ಬಾಗಿಲಿಗೆ ಮುಟ್ಟಿಸಬೇಕು. ಅಲ್ಲಿಯವರೆಗೆ ಆಟ ಮುಂದೆ ಹೋಗುವುದಿಲ್ಲ. ಅವಸರ ಮಾಡಿದರೆ ಹೆಣ ಜಾರಿ ಬೀಳುತ್ತದೆ, ಮತ್ತೆ ಎತ್ತಬೇಕು. ಇದನ್ನು ಮಕ್ಕಳ ಮನಸ್ಸಿಗೆ ಕೆಟ್ಟದ್ದೆಂದು ತೆಗೆಸಿದರು. ಹೊಡೆಯುವುದನ್ನು ಹಾಗೇ ಬಿಟ್ಟರು. ಯಾವ ಪುಣ್ಯಾತ್ಮನ ತಲೆಗೆ ಇದು ಹೊಳೆಯಿತೋ, ಅವನ ಮುಂದೆ ಒಂದು ಸಲ ಕೂತು ಮಾತಾಡಬೇಕೆಂದು ನನಗೆ ಇವತ್ತಿಗೂ ಆಸೆ.

ಕಾನೂನು ಇನ್ನೂ ಚೆಂದ. ಪೂರ್ತಿ ಆಟ ಇಟ್ಟುಕೊಂಡರೆ ತಪ್ಪಿಲ್ಲ. ಮನೆಯಲ್ಲಿ ಬಾಗಿಲು ಹಾಕಿಕೊಂಡು ಆಡಿದರೂ ತಪ್ಪಿಲ್ಲ. ಮಾರಿದರೆ ತಪ್ಪು, ಬಾಡಿಗೆಗೆ ಕೊಟ್ಟರೆ ತಪ್ಪು, ನಾಲ್ಕು ಜನರಿಗೆ ಕಾಣುವ ಹಾಗೆ ಓಡಿಸಿದರೆ ತಪ್ಪು. ಡ್ರೈವರಣ್ಣ ನನ್ನನ್ನು ತರಾಟೆಗೆ ತೆಗೆದುಕೊಂಡ. "ನಾನು ಇಷ್ಟು ವರ್ಷ ಆಡ್ತಿದ್ದೀನಿ, ಒಂದು ನರಪಿಳ್ಳೆಗೂ ಗೊತ್ತಾಗಿಲ್ಲ. ನಿಮಗ್ಯಾರಯ್ಯಾ ಬೀದಿಗೆಲ್ಲ ಪ್ರದರ್ಶನ ಇಡಿ ಅಂದಿದ್ದು?"

ದೂರು ಕೊಟ್ಟವರು ಯಾರೋ ಒಬ್ಬ ದೊಡ್ಡ ಮನುಷ್ಯರು. ಮಗಳ ಕೈ ಹಿಡಿದುಕೊಂಡು ಹೋಗುವಾಗ ನಮ್ಮ ಕಿಟಕಿಯಲ್ಲಿ ಹೆಣ ಕಂಡಿತಂತೆ. ಇಂಥ ಆಟಗಳಿಗೆ ಒಪ್ಪಿಗೆ ಕೊಡುವ ಇಲಾಖೆಯವರು ಬರುವಷ್ಟರಲ್ಲಿ ನಾನು ಆಟ ನಿಲ್ಲಿಸಿ ಮಷೀನಿನ ಮುಚ್ಚಳ ಹಾಕುತ್ತಿದ್ದೆ. ಅವರ ಕಣ್ಣಿಗೆ ಹೆಣ ಬೀಳಲಿಲ್ಲ. ಮಷೀನು, ಡಿಸ್ಕು, ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರ್ ಎಲ್ಲ ಚೀಲಕ್ಕೆ ತುಂಬಿಕೊಂಡು, ಅಂಗಡಿಗೆ ಸೀಲು ಹಾಕಿ ಹೋದರು.

ಆಮೇಲೆ ಅವರಿಗೇ ಪೇಚಾಟ ಶುರುವಾಯಿತು. ಎರಡು ಥರದ ಡಿಸ್ಕೂ ಹೊರಗಿನಿಂದ ಒಂದೇ ಥರ. ಇದು ಪೂರ್ತಿ ಆಟವೇ ಎಂದು ಸಾಬೀತು ಮಾಡಬೇಕಾದರೆ ಆಡಿ, ಮೊದಲ ಹೆಣದವರೆಗೆ ಹೋಗಬೇಕು. ಅದಕ್ಕೂ ಮುಂಚೆ ಒಂದು ಹಗ್ಗದ ಸೇತುವೆ ಇದೆ. ಅದನ್ನು ದಾಟಲು ಇಲಾಖೆಯಲ್ಲಿ ಯಾರಿಗೂ ಬರುವುದಿಲ್ಲ. ಆಡಿ ನೋಡುವವನ ಹುದ್ದೆ ಖಾಲಿ ಬಿದ್ದು ವರ್ಷಗಳಾಗಿವೆ. ಡ್ರೈವರಣ್ಣ ಆಡಿ ಉಳಿಸಿಟ್ಟಿದ್ದಕ್ಕೆ ಪಾಸ್‌ವರ್ಡ್ ಇತ್ತು, ಕೇಳಿದರೆ ಮರೆತುಹೋಗಿದೆ ಎಂದ. ಗುಮಾಸ್ತರೊಬ್ಬರು ಒಂದು ವಾರ ಕೂತು ಪ್ರಯತ್ನಪಟ್ಟು ಬೆರಳು ಊದಿಸಿಕೊಂಡರಂತೆ. ಕೊನೆಗೆ ನಮಗೇ ಬರಹೇಳಿದರು. ಅಂದರೆ, ನಮ್ಮ ತಪ್ಪನ್ನು ನಾವೇ ಬಂದು ಆಡಿ ತೋರಿಸಬೇಕು. ಬಾರದಿದ್ದರೆ ಸೀಲು ಹಾಗೇ ಇರುತ್ತದೆ. ಬಂದು, ಕಚೇರಿ ಮುಚ್ಚುವುದರೊಳಗೆ ಏನೂ ಸಾಬೀತಾಗದಿದ್ದರೆ ಸೀಲು ತೆಗೆಯುತ್ತಾರೆ. ಸಾಬೀತಾದರೆ ಲೈಸೆನ್ಸು ರದ್ದು.

ಅದಕ್ಕೇ ಭಾವ ನನ್ನ ಹೆಗಲು ಬಿಡದೆ ಹಿಡಿದಿದ್ದು.

ಕಚೇರಿಯ ಆ ಕೋಣೆಯಲ್ಲಿ ಪರದೆ ಎಳೆದಿದ್ದರು. ಹಳೆಯ ಕಾರ್ಪೆಟ್ಟಿನ ಮುಗ್ಗಲು ವಾಸನೆ. ಮೇಜಿನ ಹಿಂದೆ ಕೂತಿದ್ದ ಅಧಿಕಾರಿ ಮೇಡಂ ತಲೆ ಹಿಂದಕ್ಕೆ ಚೆಲ್ಲಿ ಕಣ್ಣಿಗೆ ಔಷಧಿ ಬಿಟ್ಟುಕೊಳ್ಳುತ್ತಿದ್ದರು. ದಿನವಿಡೀ ಬೇರೆಯವರು ನೋಡಬಾರದ್ದನ್ನು ನೋಡುವುದೇ ಅವರ ಕೆಲಸ. ಟಿವಿಯ ಪಕ್ಕದ ಕುರ್ಚಿಯಲ್ಲಿ ನಿವೃತ್ತಿಗೆ ಹತ್ತಿರವಾದ ಗುಮಾಸ್ತರು, ದಪ್ಪ ಕನ್ನಡಕ, ಬೆರಳಿಗೆ ಪಟ್ಟಿ.

"ಬಾ ತಮ್ಮಾ, ಕೂತ್ಕೋ," ಎಂದರು ಗುಮಾಸ್ತರು. "ನೀನು ಭಾರೀ ಆಟಗಾರ ಅಂತೆ."

"ಅಯ್ಯೋ ಇಲ್ಲ ಸಾರ್," ಎಂದರು ಭಾವ ಅವಸರದಲ್ಲಿ. "ಅವನಿಗೇನ್ ಬರುತ್ತೆ. ಸುಮ್ನೆ ಗುಂಡಿ ಒತ್ತಿ ನೋಡ್ತಾನೆ, ಕೆಲಸ ಮಾಡುತ್ತೋ ಇಲ್ವೋ ಅಂತ."

ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆಗಲಿಲ್ಲ. "ಒಂದು ಮಾತು ಮೇಡಂ. ಮನೇಲಿ ಆಡಿದ್ರೆ ತಪ್ಪಿಲ್ಲ. ಆದ್ರೆ ಯಾರೂ ಮಾರಂಗಿಲ್ಲ. ಹಾಗಾದ್ರೆ ಅದು ಮನೆ ಒಳಗೆ ಬರೋದು ಹೇಗೆ? ಮರದಲ್ಲಿ ಬಿಡುತ್ತಾ?"

ಭಾವ ನನ್ನ ಕಾಲು ತುಳಿದರು.

ಮೇಡಂ ಕಣ್ಣು ಒರೆಸಿಕೊಂಡರು. ಸಿಟ್ಟಾಗಲಿಲ್ಲ. ಸಿಟ್ಟಾಗುವಷ್ಟು ತ್ರಾಣ ಅವರಲ್ಲಿ ಇದ್ದ ಹಾಗೆ ಕಾಣಲಿಲ್ಲ. "ಅದು ನಮ್ಮ ವಿಭಾಗ ಅಲ್ಲಪ್ಪ."

"ಮತ್ತೆ ಇದನ್ನ ಕತ್ತರಿಸಿದ್ದು?"

"ಅದೂ ನಾವಲ್ಲ. ಕಂಪನಿಯವರೇ ಕತ್ತರಿಸ್ಕೊಂಡು ತಂದ್ರು, ನಾವು ಒಪ್ಪಿಗೆ ಕೊಟ್ವಿ. ಪೂರ್ತಿದು ಹೇಗಿದೆ ಅಂತ ನಾನೂ ನೋಡಿಲ್ಲ. ಶುರು ಮಾಡು."

ಶುರು ಮಾಡಿದೆ.

ಸೋಲುವುದು ಸುಲಭ ಅಂದುಕೊಂಡಿದ್ದೆ. ಆ ಸೇತುವೆಯನ್ನು ನಾನು ಕಣ್ಣು ಮುಚ್ಚಿ ದಾಟಬಲ್ಲೆ. ಕೆಳಗೆ ಕಣಿವೆ, ಕಾಲ ಕೆಳಗೆ ಕೊಳೆತ ಹಲಗೆಗಳು. ಗಾಳಿ ಬಂದಾಗ ಹಗ್ಗ ಹಿಡಿದುಕೊಂಡಿರಬೇಕು, ಗಾಳಿ ನಿಂತಾಗ ನಡೆಯಬೇಕು. ಗಾಳಿ ಬರುವ ಮುಂಚೆ ಆಚೆ ದಡದಲ್ಲಿ ಕಟ್ಟಿರುವ ಒಂದು ಚಿಂದಿ ಬಟ್ಟೆ ಅಲುಗುತ್ತದೆ. ಅಷ್ಟೇ ಗುಟ್ಟು. ಬಟ್ಟೆ ಅಲುಗಿದಾಗ ನಾನು ಹಗ್ಗ ಬಿಟ್ಟೆ. ಬಿದ್ದೆ. ಮತ್ತೆ ಹತ್ತಿದೆ, ಬಟ್ಟೆ ಅಲುಗಿತು, ಬಿಟ್ಟೆ, ಬಿದ್ದೆ. ಬೆರಳುಗಳು ತಾವಾಗಿಯೇ ಹಗ್ಗ ಹಿಡಿಯಲು ಹೋಗುತ್ತಿದ್ದವು. ಹಟಮಾರಿ ಮಕ್ಕಳನ್ನು ಎಳೆದುಕೊಂಡು ಬಂದ ಹಾಗೆ ಅವನ್ನು ಎಳೆಯಬೇಕಾಯಿತು.

"ಏನ್ ತಮ್ಮಾ," ಎಂದರು ಗುಮಾಸ್ತರು. "ನನ್ನಷ್ಟೂ ಬರಲ್ವಲ್ಲೋ ನಿನಗೆ."

"ಬರಲ್ಲ ಸಾರ್."

"ಎಲ್ಲೀವರೆಗೆ ಓದಿದ್ದೀಯ?"

"ಒಂಬತ್ತು. ಅರ್ಧ."

"ಓದೂ ಹತ್ತಲಿಲ್ಲ, ಆಟಾನೂ ಹತ್ತಲಿಲ್ಲ. ಇನ್ನೇನ್ ಮಾಡ್ತೀಯ ಮುಂದೆ?"

ಕಿವಿ ಸುಟ್ಟುಹೋಯಿತು. ನಾನು ಒಂದೇ ಒಂದು ವಿಷಯದಲ್ಲಿ ಯಾರ ಮುಂದೆಯೂ ತಲೆ ತಗ್ಗಿಸಿದವನಲ್ಲ, ಅದನ್ನೇ ಈ ಮುದುಕ ಕಾಲಲ್ಲಿ ಹೊಸಕುತ್ತಿದ್ದ. ಭಾವ ಗೋಡೆಯ ಪಕ್ಕದ ಸ್ಟೂಲಿನಿಂದ ನನ್ನನ್ನೇ ನೋಡುತ್ತಿದ್ದರು. ಅವರ ಕಣ್ಣಲ್ಲಿ ಒಂದೇ ಮಾತು. ನುಂಗಿಕೋ.

ನುಂಗಿಕೊಂಡೆ. ಬಿದ್ದೆ.

ಊಟದ ಹೊತ್ತು ಬಂತು, ಹೋಯಿತು. ಮೇಡಂ ಮೇಜಿನಲ್ಲೇ ಡಬ್ಬಿ ಬಿಚ್ಚಿ, ಟಿವಿಯ ಕಡೆ ನೋಡುತ್ತಲೇ ತಿಂದರು. ಗುಮಾಸ್ತರು ಅರ್ಧ ಬಿಸ್ಕತ್ತು ನನ್ನ ಕಡೆ ಚಾಚಿದರು. "ತಗೋ, ಬಿದ್ದು ಬಿದ್ದು ಸುಸ್ತಾಗಿದ್ದೀಯ." ತಮಾಷೆಗೆ ಅಂದದ್ದೇ ಆದರೂ ನಿಜವಾಗಿತ್ತು. ಗೆದ್ದು ಗೆದ್ದು ನನಗೆ ಯಾವತ್ತೂ ಇಷ್ಟು ದಣಿವಾಗಿರಲಿಲ್ಲ. ಬರುವ ಕೆಲಸವನ್ನು ಬಾರದವನ ಹಾಗೆ ಮಾಡುವುದರಷ್ಟು ಕಷ್ಟದ ಕೂಲಿ ಇನ್ನೊಂದಿಲ್ಲ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಒಂದು ಒಳ್ಳೆಯ ನೆಪ ಸಿಕ್ಕಿತು. ಕಂಟ್ರೋಲರಿನಲ್ಲಿ ಆಟದ ಮನುಷ್ಯನನ್ನು ನಡೆಸುವ ಎಡಗಡೆಯ ಸ್ಟಿಕ್ಕು, ಮುಟ್ಟದಿದ್ದರೂ ಎಡಕ್ಕೆ ಎಳೆಯುತ್ತಿತ್ತು. ಚೀಲದಲ್ಲಿ ಧೂಳು ತುಂಬಿಕೊಂಡಿರಬೇಕು.

"ನೋಡಿ ಮೇಡಂ," ಎಂದೆ, ಮುಖ ಸಪ್ಪಗೆ ಮಾಡಿಕೊಂಡು. "ತಾನಾಗೇ ಪಕ್ಕಕ್ಕೆ ಹೋಗ್ತಿದೆ. ಇದರಲ್ಲಿ ಯಾರಿಗೂ ದಾಟೋಕಾಗಲ್ಲ."

ಮೇಡಂ ಎದ್ದು ಬಂದು ನೋಡಿದರು. ಮುಗಿಯಿತು ಅನ್ನಿಸಿತು. ಕಂಟ್ರೋಲರ್ ಕೆಟ್ಟಿದೆ, ಪರೀಕ್ಷೆ ಸಾಧ್ಯವಾಗಲಿಲ್ಲ, ಮನೆಗೆ ಹೋಗಿ ಅನ್ನುವ ಮಾತು ಅವರ ನಾಲಿಗೆಯ ತುದಿಯಲ್ಲೇ ಇತ್ತು.

ಗುಮಾಸ್ತರು ಲೊಚಗುಟ್ಟಿದರು. "ಇಷ್ಟೇನಾ ನಿಮ್ಮ ರಿಪೇರಿ? ಕೆಟ್ಟಿದ್ದನ್ನ ಹಾಗೇ ಗಿರಾಕಿಗೆ ವಾಪಸ್ ಕೊಡ್ತಿದ್ರಾ?"

"ಕಂಟ್ರೋಲರ್ ನಮ್ಮ ಹತ್ರ ಬಂದಾಗ ಸರಿಯಾಗಿತ್ತು," ಎಂದರು ಭಾವ.

"ಎಲ್ಲ ರಿಪೇರಿಯವರೂ ಅದೇ ಹೇಳೋದು."

ಭಾವ ಸ್ಟೂಲಿನಿಂದ ಎದ್ದರು. ಇಪ್ಪತ್ತು ವರ್ಷದಿಂದ ಆ ಕೈಯಲ್ಲಿ ರಿಪೇರಿಯಾದದ್ದು ಮತ್ತೆ ಅದೇ ಕಾಯಿಲೆಗೆ ವಾಪಸ್ ಬಂದದ್ದಿಲ್ಲ. "ಕೊಡೋ ಇಲ್ಲಿ," ಎಂದು ನನ್ನ ಕೈಯಲ್ಲಿದ್ದ ಕಂಟ್ರೋಲರಿಗೆ ಕೈ ಹಾಕಿದರು. ನಾನು ಬಿಡಲಿಲ್ಲ. ಅವರು ಎಳೆದು ಕಿತ್ತುಕೊಂಡರು. ಜೇಬಿನಿಂದ ಸಣ್ಣ ಸ್ಕ್ರೂಡ್ರೈವರ್ ಹೊರಗೆ ಬಂತು. ಮೇಡಂ ಅವರ ಮೇಜಿನ ಮೇಲಿದ್ದ ಕೈ ತೊಳೆಯುವ ಸ್ಪಿರಿಟ್ಟನ್ನು ಅವರು ಕಣ್ಣು ಒರೆಸಿಕೊಳ್ಳುವ ಹತ್ತಿಗೆ ಹಚ್ಚಿ, ಬಿಚ್ಚಿ, ಒರೆಸಿ, ಊದಿ, ಮುಚ್ಚಿದರು. ಸ್ಟಿಕ್ಕನ್ನು ಹೆಬ್ಬೆರಳಲ್ಲಿ ಒಂದು ಸುತ್ತು ತಿರುಗಿಸಿದರು. ಬೆಣ್ಣೆಯ ಹಾಗೆ ತಿರುಗಿತು.

"ಈಗ ನೋಡಿ ಸಾರ್!" ಎಂದು ಗುಮಾಸ್ತರ ಮುಖಕ್ಕೇ ಹಿಡಿದರು. "ಧೂಳು. ನಿಮ್ಮ ಚೀಲದ್ದು."

ಆಮೇಲೆ ನನ್ನನ್ನು ನೋಡಿದರು. ಮುಖದ ಬಣ್ಣ ನಿಧಾನವಾಗಿ ಇಳಿಯಿತು.

"ಒಳ್ಳೇದಾಯ್ತು," ಎಂದರು ಮೇಡಂ. "ಮುಂದುವರಿಸು."

ನನಗೆ ಭಾವನ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಒಂದು ಗಳಿಗೆ, ಗೆದ್ದೇಬಿಡೋಣ ಅನ್ನಿಸಿತು. ನಿಮ್ಮ ಮಾನ ಉಳಿಸಿಕೊಂಡಿರಲ್ಲ, ನನ್ನದೂ ಇದೆ. ಬೆರಳು ಹಗ್ಗ ಹಿಡಿದೂ ಹಿಡಿಯಿತು. ಒಂದು ಗಾಳಿ ದಾಟಿದೆ. ಇನ್ನೊಂದು ದಾಟಿದೆ. ಗುಮಾಸ್ತರು ಕುರ್ಚಿಯ ತುದಿಗೆ ಬಂದರು. ಆಗ ಅಂಗಡಿಯ ಬಾಗಿಲ ಸೀಲು ಕಣ್ಣಿಗೆ ಬಂತು, ಅದರ ಮುಂದೆ ದಿನಾ ಹೋಗಿ ನಿಂತು ಬರುವ ಅಕ್ಕನೂ ಕಣ್ಣ ಮುಂದೆ ಬಂದಳು. ಬಟ್ಟೆ ಅಲುಗಿತು. ಬಿಟ್ಟೆ.

"ಛೆ!" ಎಂದು ತೊಡೆ ತಟ್ಟಿಕೊಂಡರು ಗುಮಾಸ್ತರು. ಆಮೇಲೆ ಟಿವಿಯನ್ನೇ ನೋಡುತ್ತ ಕೂತರು. ನಾನು ಮತ್ತೆ ಹತ್ತಿದೆ, ಮತ್ತೆ ಬಿದ್ದೆ. ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

"ತಮ್ಮಾ, ಒಂದು ನಿಮಿಷ ಇಲ್ಲಿ ಕೊಡು."

"ಯಾಕೆ ಸಾರ್?"

"ಆ ಬಟ್ಟೆ ಅಲ್ಲಾಡ್ದಾಗೆಲ್ಲ ನೀನು ಹಗ್ಗ ಬಿಡ್ತೀಯ. ಆಗಲೇ ಎರಡು ಸಲ ಹಿಡ್ಕೊಂಡೆ, ಬೀಳ್ಲಿಲ್ಲ. ನಾನು ಬೆಳಗ್ಗೆಯಿಂದ ನೋಡ್ತಿದ್ದೀನಿ. ಹಿಡ್ಕೊಂಡೇ ಇದ್ರೆ ಏನಾಗುತ್ತೆ ಅಂತ ನೋಡೋಣ."

ಕೊಡದೆ ವಿಧಿಯಿರಲಿಲ್ಲ. ಪಟ್ಟಿ ಕಟ್ಟಿದ ಬೆರಳಿನಿಂದಲೇ ಹಿಡಿದುಕೊಂಡರು. ಬಟ್ಟೆ ಅಲುಗಿತು, ಹಗ್ಗ ಹಿಡಿದರು, ಗಾಳಿ ಬಂದು ಹೋಯಿತು. ಅವರು ಬಾಯಿ ತೆರೆದುಕೊಂಡು ಒಂದೊಂದೇ ಹಲಗೆ ದಾಟಿದರು. ನಾನು ಅಷ್ಟೂ ಹೊತ್ತು ಸೋಲುತ್ತಿದ್ದೇನೆ ಅಂದುಕೊಂಡಿದ್ದೆ. ಪಾಠ ಹೇಳಿಕೊಟ್ಟಿದ್ದೆ. ನನ್ನ ಮೇಷ್ಟ್ರುಗಳಲ್ಲಿ ಒಬ್ಬರೂ ಇಷ್ಟು ತಾಳ್ಮೆಯಿಂದ, ಇಷ್ಟು ಸಲ, ಅದೇ ತಪ್ಪನ್ನು ಅದೇ ಜಾಗದಲ್ಲಿ ಮಾಡಿ ತೋರಿಸಿರಲಿಲ್ಲ.

ಆಚೆ ದಡ. ಮನೆಗಳು. ಒಬ್ಬ ಸಿಪಾಯಿ ಬಂದೂಕು ಎತ್ತಿದ. ಗುಮಾಸ್ತರು ಹೆದರಿ, ಕೈಗೆ ಸಿಕ್ಕಿದ ಗುಂಡಿಗಳನ್ನೆಲ್ಲ ಒತ್ತಿದರು. ಸಿಪಾಯಿ ಬಿದ್ದ.

ಭಾವ ಸ್ಟೂಲಿನ ಮೇಲೆ ಮುಂದಕ್ಕೆ ಬಾಗಿದ್ದರು. ಮಾಯವಾಗು ಎಂದು ಅವರು ಒಳಗೊಳಗೇ ಬೇಡುತ್ತಿದ್ದದ್ದು ನನಗೆ ಕೇಳಿಸುವ ಹಾಗಿತ್ತು.

ಮಾಯವಾಗಲಿಲ್ಲ. ಮಣ್ಣಿನಲ್ಲಿ ಮುಖ ಅಡಿಯಾಗಿ, ಒಂದು ಕೈ ಹೊಟ್ಟೆಯ ಕೆಳಗೆ ಮಡಚಿಕೊಂಡು, ಹಾಗೇ ಬಿದ್ದಿದ್ದ.

"ಸರಿ," ಎಂದರು ಮೇಡಂ. ಅವರಿಗೂ ಖುಷಿಯಾದ ಹಾಗೆ ಕಾಣಲಿಲ್ಲ. "ಸಾಬೀತಾಯ್ತು. ಆಫ್ ಮಾಡಿ."

ಗುಮಾಸ್ತರು ಆಫ್ ಮಾಡಲಿಲ್ಲ. "ಇವನು ಹೋಗ್ತಿಲ್ಲ ಮೇಡಂ."

"ಅದಕ್ಕೇ ಸಾಬೀತಾಯ್ತು ಅಂದಿದ್ದು."

"ಅಲ್ಲ, ಹೀಗೇ ಬಿಟ್ರೆ?" ಗುಮಾಸ್ತರು ನನ್ನ ಕಡೆ ತಿರುಗಿದರು. "ಹೀಗೇ ಬಿಟ್ರೆ ಏನಾಗುತ್ತೆ ತಮ್ಮಾ?"

"ಹೀಗೇ ಬಿದ್ದಿರ್ತಾನೆ. ಎತ್ಕೊಂಡು ಹೋಗಿ ಮನೆಗೆ ಮುಟ್ಟಿಸ್ಬೇಕು."

"ಯಾರು?"

"ಹೊಡೆದವರು."

ಅವರು ಕಂಟ್ರೋಲರನ್ನು ನೋಡಿದರು, ಬೆರಳನ್ನು ನೋಡಿದರು. "ನನ್ನಿಂದ ಆಗಲ್ಲಪ್ಪ. ನೀನು ಮಾಡು." ಮೇಡಂ ಕಡೆ ತಿರುಗಿ, "ಒಂದೇ ನಿಮಿಷ ಮೇಡಂ. ಮನೆಗೆ ಬಿಟ್ಟು ಆಫ್ ಮಾಡೋಣ," ಎಂದರು.

ಮೇಡಂ ಕುರ್ಚಿಗೆ ವಾಪಸ್ ಹೋಗದೆ ಅಲ್ಲೇ ನಿಂತರು.

ನಾನು ತೆಗೆದುಕೊಂಡೆ. ಇನ್ನು ನಟನೆ ಬೇಕಿರಲಿಲ್ಲ. ಸಿಪಾಯಿಯನ್ನು ಮಗುಚಿ, ಹೆಗಲಿಗೆ ಹಾಕಿಕೊಂಡು ಎದ್ದೆ. ಸ್ಟಿಕ್ಕನ್ನು ಕೂದಲೆಳೆಯಷ್ಟು ಮಾತ್ರ ಮುಂದೆ ತಳ್ಳಬೇಕು, ಜಾಸ್ತಿಯಾದರೆ ಜಾರುತ್ತಾನೆ. ಭಾವ ಚೊಕ್ಕ ಮಾಡಿದ್ದಕ್ಕೆ ಕೈಗೆ ಹಿತವಾಗಿತ್ತು, ಅದೂ ನನ್ನ ಹೊಟ್ಟೆ ಉರಿಸಿತು. ಬೀದಿ ಉದ್ದ. ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ತೆರೆದಿರುವುದು ಒಂದೇ ಬಾಗಿಲು, ಅದರ ಹೊಸ್ತಿಲಲ್ಲಿ ಒಬ್ಬ ಹೆಂಗಸು ನಿಂತಿರುತ್ತಾಳೆ. ಕೂಗಾಡುವುದಿಲ್ಲ. ಒಳಗೆ ಹೋಗಿ ಚಾಪೆ ಹಾಸುತ್ತಾಳೆ. ಇಳಿಸಿದೆ.

"ಇದನ್ನಾ ತೆಗೆಸಿದ್ದು?" ಎಂದರು ಗುಮಾಸ್ತರು, ಯಾರನ್ನೂ ಕೇಳದವರ ಹಾಗೆ.

ಮೇಡಂ ತಾವೇ ಬಗ್ಗಿ ಮಷೀನು ಆಫ್ ಮಾಡಿದರು.

"ಮೇಡಂ," ಎಂದೆ. "ಅಂಗಡೀಲಿ ಓಡಿಸಿದ್ದು ನಾನು. ಭಾವ ಹಿಂದುಗಡೆ ಕೆಲಸ ಮಾಡ್ತಿದ್ರು. ನನ್ನ ಹೆಸರು ಬರ್ಕೊಳ್ಳಿ."

"ನಿನ್ನ ಹೆಸರಲ್ಲಿ ಏನಿದೆಯಪ್ಪ, ಕಿತ್ಕೊಳ್ಳೋಕೆ?" ಬಯ್ದದ್ದಲ್ಲ, ಇದ್ದದ್ದನ್ನು ಹೇಳಿದ್ದು. ಭಾವನ ಕಡೆ ತಿರುಗಿ, "ಲೈಸೆನ್ಸ್ ಹೋಗುತ್ತೆ. ನಾನು ಏನೂ ಮಾಡೋಕಾಗಲ್ಲ, ಎಲ್ಲರೂ ನೋಡಿದ್ದಾಗಿದೆ. ಮುಂದಿನ ವರ್ಷ ಹೊಸದಾಗಿ ಕೇಳ್ಕೊಳ್ಳಿ," ಎಂದರು.

"ಮಷೀನು?" ಎಂದರು ಭಾವ.

"ಮಷೀನ್ ವಾಪಸ್. ಡಿಸ್ಕ್ ಇಲ್ಲೇ ಇರುತ್ತೆ."

"ಕಂಟ್ರೋಲರ್ನ ಚೀಲಕ್ಕೆ ಹಾಕ್ಬೇಡಿ ಮೇಡಂ. ಬಟ್ಟೇಲಿ ಸುತ್ತಿ ಕೊಡಿ."

ಹೊರಗೆ ಕಾರಿಡಾರಿನಲ್ಲಿ ಜವಾನ ಕಿಟಕಿಗಳನ್ನು ಮುಚ್ಚುತ್ತಾ ಬರುತ್ತಿದ್ದ. ಗುಮಾಸ್ತರು ಬಾಗಿಲವರೆಗೆ ಬಂದರು. ಭಾವನಿಗೆ ಬಯ್ಯಬೇಕೆಂದು ಬೇಕಾದಷ್ಟು ಮಾತು ಕೂಡಿಟ್ಟುಕೊಂಡಿದ್ದೆ. ಅವರು ಮೆಟ್ಟಿಲನ್ನು ಮುದುಕರ ಹಾಗೆ ಒಂದೊಂದೇ ಇಳಿಯುವುದನ್ನು ನೋಡಿ ಒಂದೂ ಬಾಯಿಗೆ ಬರಲಿಲ್ಲ.

ಅವರ ಫೋನು ಹೊಡೆದುಕೊಂಡಿತು. ನೋಡಿ ನನ್ನ ಕೈಗೆ ಕೊಟ್ಟರು. "ನೀನೇ ಮಾತಾಡು."

"ಏನಾಯ್ತೋ?" ಅಕ್ಕ. "ಸೋತ್ಯಾ?"

"ಸೋತೆ ಅಕ್ಕ. ಬೆಳಗ್ಗೆಯಿಂದ ಸೋತೆ."

"ಅಬ್ಬಾ! ನನ್ನ ಚಿನ್ನ ಕಣೋ ನೀನು. ನನಗೆ ಜೀವ ಬಾಯಿಗೆ ಬಂದಿತ್ತು. ಎಲ್ಲಿ, ಅವರು ನಗ್ತಿದ್ದಾರಾ?"

"ಅಕ್ಕ, ಕೇಳು. ಗುಮಾಸ್ತರು ದಾಟಿಬಿಟ್ರು."

"ಯಾರು?"

"ಗುಮಾಸ್ತರು. ಆ ಮುದುಕ್ರು."

"ಅವರಿಗೆ ಬರಲ್ಲ ಅಂದಿದ್ಯಲ್ಲೋ."

"ಬರ್ತಿರ್ಲಿಲ್ಲ. ನಾನು ಬೀಳೋದು ನೋಡಿ ನೋಡಿ ಕಲ್ತ್ರು."

ಆ ಕಡೆ ನಲ್ಲಿಯ ನೀರು ಬೀಳುವ ಸದ್ದು. ಅವಳು ಅದನ್ನು ನಿಲ್ಲಿಸಿದಳು.

"ಸ್ಟಿಕ್ಕು ಎಳೀತಿತ್ತು ಅಕ್ಕ, ಅದೊಂದು ಹಾಗೇ ಇದ್ದಿದ್ರೆ..." ಎಂದು ಶುರು ಮಾಡಿ ಭಾವನ ಮುಖ ನೋಡಿದೆ. ನಿಲ್ಲಿಸಿದೆ. "ಸರಿಹೋಯ್ತು. ತಾನಾಗೇ ಸರಿಹೋಯ್ತು."

"ಅವರಿಗೆ ಕೊಡು ಫೋನು."

ಭಾವ ತಲೆ ಅಲ್ಲಾಡಿಸಿದರು. ಬೇಡ.

"ಭಾವ ಬಸ್ಸು ಹಿಡಿಯೋಕೆ ಮುಂದೆ ಹೋದ್ರು," ಎಂದೆ. ಅವರು ನನ್ನ ಪಕ್ಕದಲ್ಲೇ ನಿಂತಿದ್ದರು.